ಬಿರುಬೇಸಿಗೆಯಲ್ಲಿ ಬಾತುಕೋಳಿ ಮರಿ ಮಾಡಿಸುವುದು: ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಒಣಗಾಳಿಗೆ ಒಗ್ಗುವ ಕ್ರಮ

ಇನ್‌ಕ್ಯುಬೇಟರ್ (ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ) ಜೊತೆ ಬರುವ ಕೈಪಿಡಿಯಲ್ಲಿ ತೇವಾಂಶದ ಬಗ್ಗೆ ಹೆಚ್ಚೇನೂ ಇರುವುದಿಲ್ಲ. ತಟ್ಟೆಗೆ ನೀರು ಹಾಕಿ, ಮುಚ್ಚಳ ಮುಚ್ಚಿ, ಅಷ್ಟೆ. ಮಳೆಗಾಲದ ಮಂಗಳೂರಿಗೆ ಅದು ಸಾಕು. ಯುಗಾದಿ ಕಳೆದ ಮೇಲೆ ಪಾವಗಡದಲ್ಲೋ ಬಾಗೇಪಲ್ಲಿಯಲ್ಲೋ ಮುಳಬಾಗಿಲಿನಲ್ಲೋ ಅದನ್ನೇ ನೆಚ್ಚಿಕೊಂಡರೆ, 25 ದಿನ ಚೆನ್ನಾಗಿ ಬೆಳೆದ ಮರಿ ಕೊನೆಯ ಎರಡು ದಿನದಲ್ಲಿ ಚಿಪ್ಪಿನೊಳಗೇ ಸಾಯುತ್ತದೆ. ಕೋಳಿಮರಿ ಮಾಡಿಸಿ ಕೈ ಪಳಗಿದವರೂ ಇಲ್ಲಿ ಎಡವುತ್ತಾರೆ. ಬಾತುಕೋಳಿ ಮೊಟ್ಟೆಗೆ 21 ದಿನವಲ್ಲ, 28 ದಿನ ಕಾವು ಬೇಕು. ಮರಿ ಚಿಪ್ಪು ಕುಕ್ಕಿದ ಮೇಲೂ ಹೊರಬರಲು ಒಂದು ದಿನಕ್ಕಿಂತ ಹೆಚ್ಚು ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತೂ ಒಳಗಿನ ಪೊರೆ ಒಣಗದಂತೆ ಕಾಯಬೇಕು.

ಇಲ್ಲಿ ಹೇಳಿರುವ ದಿನಗಳು ಖಾಕಿ ಕ್ಯಾಂಪ್‌ಬೆಲ್, ವೈಟ್ ಪೆಕಿನ್, ಇಂಡಿಯನ್ ರನ್ನರ್ ಮತ್ತು ನಾಟಿ ಬಾತುಗಳಿಗೆ ಹೊಂದುತ್ತವೆ. ಮಸ್ಕೋವಿ ಮೊಟ್ಟೆಗೆ 33ರಿಂದ 35 ದಿನ ಬೇಕು. ಅದಕ್ಕೆ ಕೊನೆಯ ಹಂತದ ದಿನಗಳನ್ನು ಸುಮಾರು ಒಂದು ವಾರ ಮುಂದೂಡಿಕೊಳ್ಳಿ.

ಗಾಳಿಯ ಲೆಕ್ಕ

ಮಧ್ಯಾಹ್ನ ಹೊರಗೆ 36 ಡಿಗ್ರಿ, ತೇವಾಂಶ ಶೇ. 25 ಇದೆ ಎಂದುಕೊಳ್ಳಿ. ಅದೇ ಗಾಳಿ ಪೆಟ್ಟಿಗೆಯೊಳಗೆ ಹೋಗಿ 37.5 ಡಿಗ್ರಿಗೆ ಕಾದಾಗ ತೇವಾಂಶ ಶೇ. 23ಕ್ಕೆ ಇಳಿಯುತ್ತದೆ. ನಮಗೆ ಬೇಕಾದದ್ದು ಶೇ. 55. ಒಳಗೆ ಬರುವ ಪ್ರತಿ ಘನ ಮೀಟರ್ ಗಾಳಿಗೂ ಸುಮಾರು 14 ಗ್ರಾಂ ನೀರನ್ನು ಆವಿಯಾಗಿ ಸೇರಿಸಬೇಕು. ಮರಿ ಹೊರಬರುವ ಹೊತ್ತಿಗೆ ಬೇಕಾಗುವ ಶೇ. 75ಕ್ಕೆ ಇದು 23 ಗ್ರಾಂ ಆಗುತ್ತದೆ. ಕರಾವಳಿಯ ಮಳೆಗಾಲದಲ್ಲಿ 30 ಡಿಗ್ರಿ, ಶೇ. 80 ಇರುವ ಗಾಳಿಯನ್ನು ಸುಮ್ಮನೆ ಕಾಯಿಸಿದರೂ ಶೇ. 53 ಉಳಿಯುತ್ತದೆ. ಅಲ್ಲಿ ಯಶಸ್ವಿಯಾದವರ ವಿಡಿಯೊ ನೋಡಿ ಇಲ್ಲಿ ನೀರು ಇಟ್ಟರೆ ಎಡವಟ್ಟಾಗುವುದು ಇದಕ್ಕೇ.

ನಮ್ಮ ಮೂರೂ ಜಿಲ್ಲೆಗಳ ಬಹುಭಾಗ ಸಮುದ್ರಮಟ್ಟದಿಂದ ಸುಮಾರು 600ರಿಂದ 900 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಡಿಮೆಯಾದಷ್ಟೂ ಚಿಪ್ಪಿನ ರಂಧ್ರಗಳಿಂದ ನೀರಾವಿ ಬೇಗ ಹೊರಹೋಗುತ್ತದೆ. ಹಾಗಾಗಿ ಪುಸ್ತಕದಲ್ಲಿ ಶೇ. 50ರಿಂದ 60 ಎಂದಿದ್ದರೆ ಇಲ್ಲಿ 55ಕ್ಕಿಂತ ಕೆಳಗೆ ಇಳಿಸುವ ಗೋಜಿಗೆ ಹೋಗಬೇಡಿ.

ಮೊಟ್ಟೆ ಆರಿಸುವುದು, ಕಾದಿಡುವುದು

ಬಾತು ಮೊಟ್ಟೆ ಇಡುವುದು ಹೆಚ್ಚಾಗಿ ನಸುಕಿನಲ್ಲಿ. ಬೆಳಗ್ಗೆ ಎಂಟರೊಳಗೆ ಎಲ್ಲವನ್ನೂ ಆಯ್ದುಕೊಳ್ಳಿ. ಬಿಸಿಲೇರುವವರೆಗೆ ಗೂಡಿನಲ್ಲೇ ಬಿಟ್ಟರೆ ಒಳಗಿನ ಭ್ರೂಣ ಅಲ್ಲೇ ಅರೆಬರೆ ಬೆಳೆಯತೊಡಗುತ್ತದೆ. 20–21 ಡಿಗ್ರಿಗಿಂತ ಮೇಲಿದ್ದರೆ ಈ ಬೆಳವಣಿಗೆ ನಿಧಾನವಾಗಿ ಶುರುವಾಗುತ್ತದೆ, ರಾತ್ರಿ ತಂಪಾದಾಗ ನಿಲ್ಲುತ್ತದೆ. ಹೀಗೆ ಹತ್ತಿ ಇಳಿದ ಭ್ರೂಣ ಕಾವಿಗಿಟ್ಟ ಮೊದಲ ವಾರದಲ್ಲೇ ಸಾಯುವ ಸಂಭವ ಹೆಚ್ಚು.

65ರಿಂದ 75 ಗ್ರಾಂ ತೂಗುವ, ಒಂದೇ ಆಕಾರದ, ಗಟ್ಟಿ ಚಿಪ್ಪಿನ ಮೊಟ್ಟೆ ಸಾಕು. ಬಿಸಿಲಿಗೆ ತೇಕುವ ಬಾತು ತೆಳು ಚಿಪ್ಪಿನ ಮೊಟ್ಟೆ ಇಡುತ್ತದೆ, ತೆಳು ಚಿಪ್ಪಿನಿಂದ ನೀರು ಬೇಗ ಹೋಗುತ್ತದೆ. ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಕೂದಲೆಳೆಯಷ್ಟು ಬಿರುಕಿದ್ದರೂ, ಚಿಪ್ಪಿನ ತುಂಬ ಬೆಳಕಿನ ಚುಕ್ಕೆ ಕಂಡರೂ ಅಡುಗೆಗೆ ಕೊಡಿ. ಅಂಟಿದ ಕೆಸರನ್ನು ಒಣಗಿದ ಮೇಲೆ ಒರಟು ಬಟ್ಟೆಯಿಂದ ಉಜ್ಜಿ ತೆಗೆಯಿರಿ. ತೊಳೆಯಲೇಬೇಕಾದರೆ ಮೊಟ್ಟೆಗಿಂತ ಬಿಸಿಯಾದ, 40 ಡಿಗ್ರಿ ದಾಟಿದ ನೀರಲ್ಲಿ ಬೇಗ ತೊಳೆದು ಒರೆಸಿ. ತಣ್ಣೀರಿಗೆ ಹಾಕಿದರೆ ಒಳಗಿನದು ಕುಗ್ಗಿ, ಹೊರಗಿನ ಕೊಳೆ ರಂಧ್ರದ ಮೂಲಕ ಒಳಗೆಳೆದುಕೊಳ್ಳುತ್ತದೆ.

ಕಾದಿಡಲು 13ರಿಂದ 18 ಡಿಗ್ರಿ ಒಳ್ಳೆಯದು. ಏಪ್ರಿಲ್‌ನಲ್ಲಿ ಅದಕ್ಕೆ ಏರ್ ಕಂಡಿಷನರೇ ಬೇಕು. ಫ್ರಿಜ್‌ನ ಒಳಗೆ ಚಳಿ ವಿಪರೀತ. ಇರುವುದರಲ್ಲಿ ವಾಸಿ, ಮಡಕೆ. ದೊಡ್ಡ ಮಣ್ಣಿನ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ಎರಡರ ನಡುವೆ ಎರಡು ಬೆರಳು ದಪ್ಪ ಮರಳು ತುಂಬಿ, ದಿನಕ್ಕೆ ಎರಡು ಸಲ ಮರಳಿಗೆ ನೀರು ಹಾಕಿ. ಒಳಮಡಕೆಯಲ್ಲಿ ಒಣ ಕಾಗದ ಹಾಸಿ, ಮೊಟ್ಟೆಯ ದಪ್ಪ ತುದಿ ಮೇಲಿರುವಂತೆ ಜೋಡಿಸಿ, ಬಾಯಿಗೆ ಒದ್ದೆ ಗೋಣಿ ಮುಚ್ಚಿ ಗಾಳಿಯಾಡುವ ನೆರಳಲ್ಲಿಡಿ. ಮೊಟ್ಟೆಗೆ ನೀರು ತಾಗಬಾರದು. 36 ಡಿಗ್ರಿ, ಶೇ. 25 ತೇವಾಂಶದ ಮಧ್ಯಾಹ್ನದಲ್ಲೂ ಒಳಗೆ 23–25 ಡಿಗ್ರಿಗೆ ಇಳಿಯುತ್ತದೆ. ಮರಿ ಮಾಡಿಸಲು ನಮ್ಮ ಒಣಗಾಳಿ ಉಪಕಾರ ಮಾಡುವುದು ಇದೊಂದು ಕಡೆ. ಆದರೂ ಈ ಬಿಸಿಗೆ ನಾಲ್ಕೈದು ದಿನಕ್ಕಿಂತ ಹೆಚ್ಚು ಇಡಬೇಡಿ. ದಿನಕ್ಕೊಮ್ಮೆ ಮಗ್ಗುಲು ಬದಲಿಸಿ.

ಮೊಟ್ಟೆ ಕೊಂಡು ತರುವವರಿಗೆ ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆ ಹತ್ತಿರದ ಮೂಲ. ಬಿಸಿಲು ಏರುವ ಮೊದಲೇ ಹೊರಟು ಬನ್ನಿ, ಡಿಕ್ಕಿಯಲ್ಲಿ ಇಟ್ಟುಕೊಂಡು ಬರಬೇಡಿ. ಪಯಣ ಮಾಡಿದ ಮೊಟ್ಟೆಯನ್ನು 12 ಗಂಟೆ ಅಲುಗಿಸದೆ ಇಟ್ಟು ಆಮೇಲೆ ಕಾವಿಗಿಡಿ.

ಪೆಟ್ಟಿಗೆ ಎಲ್ಲಿಡಬೇಕು

ಇನ್‌ಕ್ಯುಬೇಟರ್ ಬಿಸಿ ಮಾಡಬಲ್ಲದು, ತಂಪು ಮಾಡಲಾರದು. ಇದನ್ನು ಮರೆತೇ ಎಷ್ಟೋ ಜನ ಶೀಟಿನ ಮನೆಯಲ್ಲಿ ಇಡುತ್ತಾರೆ. ಎರಡನೇ ವಾರ ಕಳೆದ ಮೇಲೆ ಮೊಟ್ಟೆಯೊಳಗಿನ ಮರಿಯೇ ಶಾಖ ಹುಟ್ಟಿಸುತ್ತದೆ, ಬಲ್ಬ್ ಉರಿಯದಿದ್ದರೂ ಒಳಗೆ ಬಿಸಿ ಏರುತ್ತದೆ. ಕೋಣೆ 30 ಡಿಗ್ರಿಯ ಆಚೀಚೆ ಇದ್ದರೆ ಥರ್ಮೋಸ್ಟಾಟ್ ಹಿಡಿತದಲ್ಲಿರುತ್ತದೆ. ಕೋಣೆಯೇ 36 ಆದರೆ ಒಳಗೆ 39 ಆಗುವುದನ್ನು ಯಾವ ಕಂಟ್ರೋಲರ್ ಕೂಡ ತಡೆಯದು.

ಮಣ್ಣಿನ ಗೋಡೆ, ಹೆಂಚಿನ ಮಾಡಿನ ಕೋಣೆ ಎಲ್ಲಕ್ಕಿಂತ ಮೇಲು. ನಮ್ಮ ಕಡೆಯ ಕಲ್ಲುಚಪ್ಪಡಿ ಮನೆ ಹಗಲು ತಂಪೆನಿಸಿದರೂ ಸಂಜೆ ಏಳರಿಂದ ನಡುರಾತ್ರಿವರೆಗೆ ಕಾದ ಚಪ್ಪಡಿ ಝಳ ಕಕ್ಕುತ್ತಿರುತ್ತದೆ. ಅಂಥ ಮನೆಯಾದರೆ ಪೆಟ್ಟಿಗೆಯನ್ನು ನೆಲಮಟ್ಟದಲ್ಲಿ, ಉತ್ತರದ ಗೋಡೆಗೆ ಒಂದು ಅಡಿ ಬಿಟ್ಟು ಇಡಿ. ಸಂಜೆ ಚಪ್ಪಡಿ ಮೇಲೆ ನೀರು ಚಿಮುಕಿಸಿ. ಕಿಟಕಿಗೆ ಒದ್ದೆ ಗೋಣಿ ಇಳಿಬಿಟ್ಟರೆ ಕೋಣೆ ತಂಪಾಗುವುದರ ಜೊತೆಗೆ ಗಾಳಿಯ ತೇವವೂ ಏರುತ್ತದೆ. ಕೋಣೆಯ ತೇವಾಂಶವನ್ನು ಶೇ. 25ರಿಂದ 45ಕ್ಕೆ ತಂದರೆ ಪೆಟ್ಟಿಗೆಯೊಳಗಿನ ಕೆಲಸ ಅರ್ಧಕ್ಕರ್ಧ ಮುಗಿಯಿತು.

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಬೆಳೆಗಾರರಿಗೆ ಇದು ಹೊಸದೇನಲ್ಲ. ಚಾಕಿ (ಎಳೆಯ ರೇಷ್ಮೆ) ಹುಳುವಿಗೆ ಶೇ. 85ಕ್ಕಿಂತ ಹೆಚ್ಚು ತೇವ ಹಿಡಿದಿಡುವ ಗೋಣಿ, ಫೋಮ್ ಪಟ್ಟಿ, ಒಣ-ಒದ್ದೆ ಬಲ್ಬಿನ ಥರ್ಮಾಮೀಟರ್ ಎಲ್ಲ ಮನೆಯಲ್ಲೇ ಇರುತ್ತವೆ, ಅವನ್ನೇ ಬಳಸಿ. ಹುಳು ಮನೆಯಲ್ಲೇ ಪೆಟ್ಟಿಗೆ ಇಡುವುದು ಮಾತ್ರ ಬೇಡ. ಅಲ್ಲಿ ಹೊಡೆಯುವ ಫಾರ್ಮಾಲಿನ್ ಆವಿ ಭ್ರೂಣಕ್ಕೆ ವಿಷ, ಅದರಲ್ಲೂ ಮೊದಲ ನಾಲ್ಕು ದಿನ.

ಮಾಪಕವನ್ನು ಮೊದಲು ಪರೀಕ್ಷಿಸಿ

ಅಗ್ಗದ ಡಿಜಿಟಲ್ ಮೀಟರ್ ತೇವಾಂಶವನ್ನು ಹತ್ತು ಅಂಕ ಹೆಚ್ಚುಕಡಿಮೆ ತೋರಿಸುವುದು ಮಾಮೂಲು. ಮುಚ್ಚಳದಲ್ಲಿ ಎರಡು ಚಮಚ ಅಡುಗೆ ಉಪ್ಪು ಹಾಕಿ, ಹಸಿ ಮರಳಿನಂತಾಗುವಷ್ಟೇ ನೀರು ಬೆರೆಸಿ. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ 12 ಗಂಟೆ ಮುಚ್ಚಿಡಿ. ಸರಿಯಿದ್ದರೆ 75 ತೋರಿಸಬೇಕು. 68 ತೋರಿಸಿದರೆ ಏಳು ಕೂಡಿಸಿ ಓದಿ, ಆ ಅಂಕಿಯನ್ನು ಮೀಟರ್ ಬೆನ್ನಿಗೆ ಬರೆದಿಡಿ.

ಉಷ್ಣತೆಗೆ ಜ್ವರದ ಥರ್ಮಾಮೀಟರ್ ಸಾಕು. ಲೋಟದಲ್ಲಿ 37–38 ಡಿಗ್ರಿಯ ಬೆಚ್ಚಗಿನ ನೀರಿಟ್ಟು, ಜ್ವರದ ಥರ್ಮಾಮೀಟರನ್ನೂ ಸಾದಾ ಗಾಜಿನ ಥರ್ಮಾಮೀಟರನ್ನೂ ಅದ್ದಿ ವ್ಯತ್ಯಾಸ ಬರೆದುಕೊಳ್ಳಿ. ಆಮೇಲೆ ಗಾಜಿನದನ್ನು ಪೆಟ್ಟಿಗೆಯಲ್ಲಿ ಇಟ್ಟು ಕಂಟ್ರೋಲರ್‌ನ ಅಂಕಿ ತಾಳೆ ನೋಡಿ.

ಒದ್ದೆ ಬಲ್ಬ್, ಅಂದರೆ ಬುಡಕ್ಕೆ ಒದ್ದೆ ಬತ್ತಿ ಸುತ್ತಿದ ಥರ್ಮಾಮೀಟರ್ ಬಳಸುವವರು ಬತ್ತಿಯ ಮೇಲೆ ಕಣ್ಣಿಡಬೇಕು. ನಮ್ಮ ಬೋರ್‌ವೆಲ್ ನೀರು ಗಡಸು. ನಾಲ್ಕು ದಿನದಲ್ಲಿ ಬತ್ತಿಗೆ ಬಿಳಿ ಸುಣ್ಣ ಕಟ್ಟಿ ನೀರು ಹೀರುವುದು ಕುಂದುತ್ತದೆ, ಬಲ್ಬ್ ಸರಿಯಾಗಿ ತಂಪಾಗದೆ ಅಂಕಿ ಮೇಲೇರುತ್ತದೆ. ಒಳಗೆ ಒಣಗುತ್ತಿದ್ದರೂ ತೇವ ಚೆನ್ನಾಗಿದೆ ಎಂದು ನೀವು ಅಂದುಕೊಂಡಿರುತ್ತೀರಿ. ಊರಿನ ಶುದ್ಧ ನೀರಿನ ಘಟಕದ ನೀರನ್ನೇ ಇದಕ್ಕೂ, ಮಂಜು ಹೊರಡಿಸುವ ಯಂತ್ರಕ್ಕೂ ಬಳಸಿ. ಬತ್ತಿಯನ್ನು ವಾರಕ್ಕೊಮ್ಮೆ ಬದಲಿಸಿ.

ಮೊಟ್ಟೆ ಇಡುವ ಮುನ್ನ ಖಾಲಿ ಪೆಟ್ಟಿಗೆಯನ್ನು ಎರಡು ದಿನ ಓಡಿಸಿ. ಒಂದು ಮಧ್ಯಾಹ್ನ ಮೂರು ಗಂಟೆಗೆ, ಒಂದು ನಸುಕಿನಲ್ಲಿ ಅಂಕಿ ನೋಡಿ. ನಸುಕಿನಲ್ಲಿ ಸರಿಯಿದ್ದ ಪೆಟ್ಟಿಗೆ ಮಧ್ಯಾಹ್ನ ಕೆಟ್ಟಿರುವುದೇ ಹೆಚ್ಚು.

ಮೊದಲ 25 ದಿನ

ಸಂಜೆ ಇಡಿ. 28 ದಿನವೆಂದರೆ ನಾಲ್ಕು ವಾರ, ಇಟ್ಟ ವಾರದಂದೇ ಮರಿ ಬರುತ್ತದೆ. ಮೊಟ್ಟೆ ಇಟ್ಟ 24 ಗಂಟೆಯ ಮೇಲೆ ಒಂದನೇ ದಿನ ಎಂದು ಎಣಿಸಿ.

ಫ್ಯಾನ್ ಇರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ. ಫ್ಯಾನ್ ಇಲ್ಲದಿದ್ದರೆ ಮೊಟ್ಟೆಯ ಮೇಲ್ಮೈ ಎತ್ತರದಲ್ಲಿ ಅಳೆದು 38.3ರಿಂದ 38.6. ತೇವಾಂಶ ಶೇ. 55ರಿಂದ 60, ಅಂದರೆ ಒದ್ದೆ ಬಲ್ಬ್ 29.5ರಿಂದ 30.5 ಡಿಗ್ರಿ. ದಿನಕ್ಕೆ ಐದು ಸಲ, ಕನಿಷ್ಠ ಮೂರು ಸಲ ಮೊಟ್ಟೆ ತಿರುಗಿಸಿ. ಸಲದ ಸಂಖ್ಯೆ ಬೆಸವಾಗಿದ್ದರೆ ಉದ್ದನೆಯ ರಾತ್ರಿಯಲ್ಲಿ ದಿನಾ ಒಂದೇ ಮಗ್ಗುಲು ಮೇಲಿರುವುದು ತಪ್ಪುತ್ತದೆ. ಒಂದು ಮಗ್ಗುಲಿಗೆ ಪೆನ್ಸಿಲ್‌ನಲ್ಲಿ ಗುಣಿಸು ಗುರುತು, ಇನ್ನೊಂದಕ್ಕೆ ಸೊನ್ನೆ ಹಾಕಿಕೊಳ್ಳಿ. ತಾನಾಗಿ ತಿರುಗಿಸುವ ಯಂತ್ರವಿದ್ದರೆ ಬಾತು ಮೊಟ್ಟೆಗೆ ಸರಿಹೊಂದುವ ದೊಡ್ಡ ಗುಳಿಗಳೇ ಇರಲಿ.

ನೀರಿನ ತಟ್ಟೆಯ ಆಳದಿಂದ ಏನೂ ಪ್ರಯೋಜನವಿಲ್ಲ, ಅಗಲ ಮುಖ್ಯ. ಒಂದು ಚೊಂಬು ನೀರಿಗಿಂತ ಊಟದ ತಟ್ಟೆಯಲ್ಲಿ ಅರ್ಧ ಇಂಚು ನೀರು ಹೆಚ್ಚು ಆವಿ ಕೊಡುತ್ತದೆ. ಅದೂ ಸಾಲದಿದ್ದರೆ ತಟ್ಟೆಯಲ್ಲಿ ಫೋಮ್ ಪಟ್ಟಿ ನಿಲ್ಲಿಸಿ, ಅದು ನೀರು ಹೀರಿ ಮೇಲೆತ್ತುತ್ತದೆ, ಎರಡೂ ಬದಿಯಿಂದ ಆವಿ ಹೋಗುತ್ತದೆ. ಫ್ಯಾನಿನ ಗಾಳಿ ಅದರ ಮೇಲೆ ಹಾದುಹೋಗುವಂತಿರಲಿ. ತೇವ ನಿಲ್ಲುತ್ತಿಲ್ಲವೆಂದು ಗಾಳಿಕಿಂಡಿಗೆ ಟೇಪ್ ಅಂಟಿಸುವವರಿದ್ದಾರೆ. ಮೊದಲ ವಾರ ಅರ್ಧ ಮುಚ್ಚಿದರೆ ನಡೆದೀತು, ಆಮೇಲೆ ಮರಿಗೆ ಉಸಿರು ಕಟ್ಟುತ್ತದೆ.

ಮೀಟರ್ ಏನೇ ಹೇಳಲಿ, ಕೊನೆಯ ಮಾತು ತಕ್ಕಡಿಯದು. ಬಾತು ಮೊಟ್ಟೆ 25ನೇ ದಿನದೊಳಗೆ ತನ್ನ ಮೊದಲ ತೂಕದಲ್ಲಿ ಶೇ. 12ರಿಂದ 14 ಕಳೆದುಕೊಳ್ಳಬೇಕು. ಹತ್ತು ಮೊಟ್ಟೆ ಆರಿಸಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಟ್ಟಿಗೆ ತೂಗಿ. ಮೊದಲ ದಿನ 700 ಗ್ರಾಂ ಇದ್ದರೆ, ಶೇ. 13ರ ಲೆಕ್ಕದಲ್ಲಿ 7ನೇ ದಿನ 675, 14ಕ್ಕೆ 649, 21ಕ್ಕೆ 624, 25ಕ್ಕೆ 609 ಗ್ರಾಂ ಬರಬೇಕು. 7ನೇ ದಿನವೇ 660ಕ್ಕೆ ಇಳಿದಿದ್ದರೆ ಗಾಳಿ ನೀರು ಕದಿಯುತ್ತಿದೆ ಎಂದರ್ಥ. ಮುಂದಿನ ವಾರ ಶೇ. 65ಕ್ಕೆ ಏರಿಸಿ, 14ನೇ ದಿನ ಮತ್ತೆ ತೂಗಿ ನೋಡಿ. 690ರಲ್ಲೇ ನಿಂತಿದ್ದರೆ ನೀರು ಹೆಚ್ಚಾಯಿತು, ಒಂದು ತಟ್ಟೆ ತೆಗೆಯಿರಿ. ಕಳೆದುಕೊಂಡ ನೀರನ್ನು ಮೊಟ್ಟೆಗೆ ವಾಪಸು ತುಂಬಲಾಗದು, ಮುಂದಿನ ಇಳಿಕೆಯನ್ನು ನಿಧಾನಿಸಬಹುದು ಅಷ್ಟೆ. ಅದಕ್ಕೇ 7ನೇ ದಿನದ ತೂಕ ಬಿಡಬೇಡಿ.

ಭರಣಿ ಮಳೆ ಬಂದ ರಾತ್ರಿ ಇಡೀ ಲೆಕ್ಕ ಬದಲಾಗುತ್ತದೆ. ನಿನ್ನೆ ಸರಿಯಿದ್ದ ನೀರು ಇವತ್ತು ಹೆಚ್ಚು. ಮಳೆಯ ಮಾರನೆ ಬೆಳಗ್ಗೆ ಮೊದಲು ಮೀಟರ್ ನೋಡಿ.

8ನೇ ದಿನದಿಂದ 24ರವರೆಗೆ ದಿನಕ್ಕೊಮ್ಮೆ ಮುಚ್ಚಳ ತೆರೆದು 10–15 ನಿಮಿಷ ಮೊಟ್ಟೆಯನ್ನು ಆರಲು ಬಿಟ್ಟು, ಬೆಚ್ಚಗಿನ ನೀರನ್ನು ಮಂಜಿನಂತೆ ಸಿಂಪಡಿಸಿ. ಕಾವು ಕೂತ ಬಾತು ಮೇಯಲು ಹೋಗಿ ಒದ್ದೆ ಮೈಯಲ್ಲಿ ಮರಳುತ್ತದಲ್ಲ, ಅದರ ಅನುಕರಣೆ ಇದು. ಆ ನೀರು ಮೊಟ್ಟೆಯೊಳಗೆ ಹೋಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅದು ಆರುವಾಗ ಮೊಟ್ಟೆಯ ಶಾಖವನ್ನು ಎಳೆದುಕೊಂಡು ಹೋಗುತ್ತದೆ, ಕೊಬ್ಬು ಹೆಚ್ಚಿರುವ ಬಾತು ಮೊಟ್ಟೆಗೆ ಬೇಕಾದದ್ದು ಅದೇ. ಮಧ್ಯಾಹ್ನ ಬೇಡ, ಬೆಳಗ್ಗೆ ಆರಕ್ಕೆ ಮಾಡಿ. ಕುದಿಸಿ ಆರಿಸಿದ 38–40 ಡಿಗ್ರಿಯ ನೀರಿರಲಿ. ಮೊಟ್ಟೆಯನ್ನು ಮುಚ್ಚಿದ ಕಣ್ಣರೆಪ್ಪೆಗೆ ತಾಗಿಸಿದಾಗ ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಎನಿಸಿದರೆ ಮುಚ್ಚಳ ಮುಚ್ಚಿ.

7ನೇ ದಿನ ಟಾರ್ಚ್ ಹಿಡಿದರೆ ಜೇಡನಂತೆ ಕೆಂಪು ನರಗಳು ಕಾಣಬೇಕು. ಸ್ವಚ್ಛವಾಗಿ ಹೊಳೆದರೆ ಗಂಡು ಕೂಡದ ಮೊಟ್ಟೆ, ಕೆಂಪು ಉಂಗುರ ಕಂಡರೆ ಸತ್ತ ಭ್ರೂಣ. ಎರಡನ್ನೂ ತೆಗೆಯಿರಿ. 14ಕ್ಕೆ ಇನ್ನೊಮ್ಮೆ ನೋಡಿ. ಕೊಳೆತದ್ದು ಸಿಡಿದರೆ ಉಳಿದವೆಲ್ಲ ಹಾಳು. ತೂಕದ ಹತ್ತರಲ್ಲಿ ಒಂದು ಹೋದರೆ ಉಳಿದ ಒಂಬತ್ತರ ಸರಾಸರಿ ಹಿಡಿದು ಲೆಕ್ಕ ಮುಂದುವರಿಸಿ.

ಕರೆಂಟ್ ಹೋದಾಗ

ಚಳಿಗಾಲದಲ್ಲಿ ಕರೆಂಟ್ ಹೋದರೆ ಕಂಬಳಿ ಹೊದಿಸುವ ಅಭ್ಯಾಸವಿದೆ. ಬೇಸಿಗೆಯಲ್ಲಿ ಅದೇ ಕೊಲ್ಲುತ್ತದೆ. ಮೊದಲ ಎರಡು ವಾರ ಪೆಟ್ಟಿಗೆ ಮುಚ್ಚಿದ್ದರೆ ಸಾಕು, ಒಂದೆರಡು ಗಂಟೆಗೆ ಏನೂ ಆಗದು. ಮೂರನೇ ವಾರದಿಂದಾಚೆ ಫ್ಯಾನ್ ನಿಂತೊಡನೆ ಮರಿಗಳ ಸ್ವಂತ ಶಾಖ ಮೇಲ್ಗಡೆ ಕಟ್ಟಿಕೊಳ್ಳುತ್ತದೆ. ಕಿಂಡಿಗಳನ್ನೆಲ್ಲ ತೆರೆದು, ಮುಚ್ಚಳವನ್ನು ಬೆರಳಷ್ಟು ಎತ್ತಿಡಿ. 39 ದಾಟಿದರೆ ಬೆಚ್ಚಗಿನ ನೀರು ಸಿಂಪಡಿಸಿ, ತಣ್ಣೀರು ಬೇಡ. 40 ಡಿಗ್ರಿಯಲ್ಲಿ ಕೆಲವು ಗಂಟೆ ಕಳೆದ ಮರಿ ಬದುಕುವುದು ಅನುಮಾನ. 36 ಡಿಗ್ರಿಗೆ ಇಳಿದು ಕೆಲವು ಗಂಟೆ ಕಳೆದದ್ದು ತಡವಾಗಿಯಾದರೂ ಹೊರಬರುತ್ತದೆ. ಮನೆಯ ಇನ್ವರ್ಟರ್‌ಗೆ ಪೆಟ್ಟಿಗೆಯ ಫ್ಯಾನನ್ನಷ್ಟೇ ಸೇರಿಸಿದರೂ ಬೇಸಿಗೆಗೆ ಅದು ಸಾಕಾಗುತ್ತದೆ.

25ನೇ ದಿನದ ಬದಲಾವಣೆ

ಮೊಟ್ಟೆ ತಿರುಗಿಸುವುದು, ಆರಿಸುವುದು ಎರಡೂ ನಿಲ್ಲಬೇಕು. ಕೊನೆಯ ಸಲ ತೂಗಿ, ಟಾರ್ಚ್ ಹಿಡಿದು ನೋಡಿ. ದಪ್ಪ ತುದಿಯ ಗಾಳಿಗೂಡು ಮೊಟ್ಟೆಯ ಸುಮಾರು ಮೂರನೇ ಒಂದು ಭಾಗ ಇರಬೇಕು. ಗೂಡಿನ ಅಂಚನ್ನು ಪೆನ್ಸಿಲ್‌ನಲ್ಲಿ ಗುರುತಿಸಿ. ಮುಂದೆ ಸಹಾಯ ಮಾಡಬೇಕಾಗಿ ಬಂದರೆ ಈ ಗೆರೆಯೇ ದಾರಿ ತೋರಿಸುವುದು.

ಅಡಿಗೆ ನುಣುಪಿಲ್ಲದ ಹಾಸು ಹಾಕಿ, ಮೊಟ್ಟೆಗಳನ್ನು ಮಲಗಿಸಿ. ಕಾಗದ ಹಾಸಿದರೆ ಮರಿಯ ಕಾಲು ಜಾರಿ ಅಗಲವಾಗುತ್ತದೆ. ಉಷ್ಣತೆ 37.2ಕ್ಕೆ ಇಳಿಸಿ. ತೇವಾಂಶ ಶೇ. 70ಕ್ಕೆ ತನ್ನಿ, ಮೊದಲ ಮೊಟ್ಟೆ ಕುಕ್ಕಿದ ಮೇಲೆ 75ಕ್ಕೆ. ಒದ್ದೆ ಬಲ್ಬ್ 32ರಿಂದ 33 ತೋರಿಸಬೇಕು. ಗಾಳಿಕಿಂಡಿ ಪೂರ್ತಿ ತೆರೆದಿರಲಿ. ಇಷ್ಟು ತೇವ ಒಣಗಾಳಿಯಲ್ಲಿ ನಿಲ್ಲಬೇಕಾದರೆ ಕೋಣೆಯನ್ನೇ ಒದ್ದೆ ಮಾಡಬೇಕು: ನೆಲಕ್ಕೆ ನೀರು ಚಿಮುಕಿಸಿ, ಗೋಣಿ ಇಳಿಬಿಡಿ, ಫೋಮ್ ಪಟ್ಟಿಗಳನ್ನು ಎರಡು ಪಟ್ಟು ಮಾಡಿ. ತಟ್ಟೆಗೆ ಬಲೆ ಮುಚ್ಚಿ, ಮರಿ ಅದರಲ್ಲಿ ಬಿದ್ದು ಮುಳುಗೀತು.

ತೀರಾ ಅಗತ್ಯವಿಲ್ಲದೆ ಇನ್ನು ಮುಚ್ಚಳ ತೆಗೆಯಬಾರದು. ಹಾಗಾದರೆ ನೀರು ಹಾಕುವುದು ಹೇಗೆ? ಮೆಡಿಕಲ್ ಶಾಪಿನ ಹೊಸ ಗ್ಲೂಕೋಸ್ ಪೈಪ್ ಒಂದನ್ನು ಕಿಂಡಿಯಿಂದ ತಟ್ಟೆಗೆ ಇಳಿಬಿಟ್ಟು, ಹೊರಗಿನಿಂದ ಸಿರಿಂಜ್‌ನಲ್ಲಿ ಬಿಸಿನೀರು ಹಾಕಿ. ಮುಚ್ಚಳ ಅರ್ಧ ನಿಮಿಷ ತೆರೆದರೂ ಒಳಗಿನ ತೇವವೆಲ್ಲ ಕೋಣೆಗೆ ಹಾರಿಹೋಗುತ್ತದೆ. ಅದು ಮತ್ತೆ ಏರುವಷ್ಟರಲ್ಲಿ ತೂತಿನ ಅಂಚಿನ ಪೊರೆ ಒಣಗಿ ಮರಿಯ ಮೈಗೆ ಬಿಗಿಯುತ್ತದೆ. ಮೊದಲು ಬಂದ ಮರಿಯನ್ನು ಫೋಟೊ ತೆಗೆಯಲು ಎತ್ತಿಕೊಂಡು ಹಿಂದಿನ ನಾಲ್ಕನ್ನು ಕಳೆದುಕೊಳ್ಳುವುದು ಹೀಗೆ.

ಮರಿ ಹೊರಬರುವ ಬಗೆ

26ರ ಸುಮಾರಿಗೆ ಮರಿ ಒಳಪೊರೆಯನ್ನು ಕೊಕ್ಕಿನಿಂದ ತೂತು ಮಾಡಿ ಗಾಳಿಗೂಡಿಗೆ ಮೂತಿ ಇಡುತ್ತದೆ. ಟಾರ್ಚ್‌ಗೆ ಕೊಕ್ಕಿನ ನೆರಳು ಆಡುವುದು ಕಾಣುತ್ತದೆ, ಕಿವಿಗಿಟ್ಟರೆ ಸಣ್ಣ ಚಿಂವ್ ದನಿ. ಆಮೇಲೆ 12ರಿಂದ 24 ಗಂಟೆಯೊಳಗೆ ಚಿಪ್ಪಿನ ಮೇಲೆ ನಕ್ಷತ್ರದಂತಹ ಬಿರುಕು ಮೂಡುತ್ತದೆ. ಅಲ್ಲಿಗೆ ಮರಿ ಸುಮ್ಮನಾಗಿಬಿಡುತ್ತದೆ. 24 ಗಂಟೆ, ಒಮ್ಮೊಮ್ಮೆ 36 ಗಂಟೆ ಏನೂ ನಡೆಯದು. ನೋಡುವವರಿಗೆ ಎದೆ ಡವಗುಟ್ಟುವುದು ಈಗಲೇ. ಆದರೆ ಒಳಗೆ ದೊಡ್ಡ ಕೆಲಸ ನಡೆದಿದೆ: ಪೊರೆಯ ನರಗಳಲ್ಲಿದ್ದ ರಕ್ತ ಮೈಗೆ ಹಿಂತಿರುಗುತ್ತಿದೆ, ಮಿಕ್ಕ ಹಳದಿ ಹೊಕ್ಕುಳ ಮೂಲಕ ಹೊಟ್ಟೆಯೊಳಗೆ ಸೇರುತ್ತಿದೆ, ಶ್ವಾಸಕೋಶ ಉಸಿರಾಟ ವಹಿಸಿಕೊಳ್ಳುತ್ತಿದೆ. ಇದು ಮುಗಿಯುವ ಮುನ್ನ ಎಳೆದರೆ ರಕ್ತ ಹರಿದು ಸಾಯುತ್ತದೆ. ಕೊನೆಗೆ ಮರಿ ಸುತ್ತ ತಿರುಗುತ್ತ ಚಿಪ್ಪಿನ ಟೋಪಿ ಕೊಯ್ದು, ಕೆಲವು ಗಂಟೆಯಲ್ಲಿ ಒದ್ದು ಹೊರಬರುತ್ತದೆ.

ಯಾವಾಗ ಕೈ ಹಾಕಬೇಕು

ಹತ್ತರಲ್ಲಿ ಎಂಟು ಸಲ ಸುಮ್ಮನಿರುವುದೇ ಸರಿ. ಕೈ ಹಾಕಬೇಕಾದ ಸಂದರ್ಭಗಳು ಮೂರೇ.

ಮೊದಲನೆಯದು, ಗಾಳಿಗೂಡಿಗೆ ಕೊಕ್ಕು ಬಂದು 24 ಗಂಟೆ ದಾಟಿದರೂ ಚಿಪ್ಪಿನಲ್ಲಿ ಬಿರುಕಿಲ್ಲ. ಗೂಡಿನ ಗಾಳಿ ಮುಗಿಯುತ್ತಿದೆ. ಪೆನ್ಸಿಲ್ ಗೆರೆಯ ಮೇಲ್ಭಾಗದಲ್ಲಿ, ದಪ್ಪ ತುದಿಯ ನಡುವೆ, ಬೆಂಕಿಗೆ ಹಿಡಿದು ಆರಿಸಿದ ದಪ್ಪ ಸೂಜಿಯಿಂದ ಮೆಲ್ಲಗೆ ತಿರುವುತ್ತ ಎರಡು ಮಿಲಿಮೀಟರ್ ತೂತು ಮಾಡಿ. ಕುಟ್ಟಬೇಡಿ. ಉಸಿರಿಗೆ ಅಷ್ಟು ಸಾಕು, ಮತ್ತೆ ಒಳಗಿಡಿ.

ಎರಡನೆಯದು, ಚೂಪು ತುದಿಯಲ್ಲಿ ಕುಕ್ಕಿದ ಮರಿ. ಅಲ್ಲಿ ಗಾಳಿಗೂಡಿಲ್ಲ, ತಿರುಗಲು ಜಾಗವೂ ಇಲ್ಲ. ತೂತು ಮೇಲ್ಮುಖವಾಗಿರುವಂತೆ ಇಟ್ಟು, ಕೊಕ್ಕಿನ ಮುಂದೆ ಅಕ್ಕಿಕಾಳಿನಷ್ಟು ಕಿಂಡಿ ತೆರೆದಿರುವಂತೆ ನೋಡಿಕೊಂಡು 24 ಗಂಟೆ ಕಾಯಿರಿ. ಇಂಥದ್ದಕ್ಕೆ ಬಹುಮಟ್ಟಿಗೆ ಸಹಾಯ ಬೇಕೇ ಆಗುತ್ತದೆ.

ಮೂರನೆಯದು ನಮ್ಮ ಒಣನೆಲದ್ದು: ಪೊರೆ ಒಣಗಿ ಬಿಗಿದ ಮರಿ. ಕುಕ್ಕಿ 24 ಗಂಟೆ ದಾಟಿದೆ, ತೂತಿನ ಅಂಚಿನಲ್ಲಿ ಪೊರೆ ಬಿಳಿ ತೇವವಾಗಿರುವ ಬದಲು ಹಳದಿ-ಕಂದು ಬಣ್ಣಕ್ಕೆ ತಿರುಗಿ ಈರುಳ್ಳಿ ಸಿಪ್ಪೆಯ ಹಾಗೆ ಗರಿಗರಿಯಾಗಿದೆ, ಮರಿ ಕೂಗುತ್ತದೆ ಆದರೆ ತಿರುಗಲಾರದು.

ಇದಕ್ಕೆ ಮೊದಲು ಜಾಗ ಸಿದ್ಧ ಮಾಡಿ. ಫ್ಯಾನಿನಡಿ ಕೂತು ಮಾಡುವ ಕೆಲಸ ಇದಲ್ಲ. ಬಚ್ಚಲುಮನೆಯಲ್ಲಿ ಹಂಡೆಯ ಬಿಸಿನೀರನ್ನು ಎರಡು ಬಕೆಟ್‌ಗೆ ಸುರಿದು ಬಾಗಿಲು ಮುಚ್ಚಿ, ಆವಿ ತುಂಬಲಿ. ಒಲೆಯ ಹೊಗೆ ಒಳಗೆ ಬರಬಾರದು. ಕೈ ತೊಳೆದು, ಹತ್ತಿಕಡ್ಡಿ, 38 ಡಿಗ್ರಿಯ ನೀರು, ಕೊಬ್ಬರಿ ಎಣ್ಣೆ, ಚಿಮಟ, ಮೆಕ್ಕೆಜೋಳದ ನುಣ್ಣನೆಯ ಹಿಟ್ಟು ಹತ್ತಿರ ಇಟ್ಟುಕೊಳ್ಳಿ.

ಪೆನ್ಸಿಲ್ ಗೆರೆಯ ಮೇಲಿನ ಚಿಪ್ಪನ್ನು ಮಾತ್ರ ಉಗುರಗಲದ ಚೂರುಗಳಾಗಿ ತೆಗೆಯಿರಿ. ಅಲ್ಲಿ ಕೆಳಗಿರುವುದು ಬರೀ ಗಾಳಿ. ಈಗ ಕಾಣುವ ಒಳಪೊರೆಗೆ ಹತ್ತಿಕಡ್ಡಿಯಿಂದ ನೀರು ಸವರಿ. ಕೊಕ್ಕಿನ ಉಸಿರುಗಿಂಡಿಗೆ ಹನಿಯೂ ಹೋಗಬಾರದು. ಒದ್ದೆಯಾದ ಪೊರೆ ಪಾರದರ್ಶಕವಾಗುತ್ತದೆ. ಕೆಂಪು ನರ ಕಂಡಿತೋ, ಅಲ್ಲಿಗೆ ಕೆಲಸ ನಿಲ್ಲಿಸಿ. ಪೊರೆಗೆ ಕೊಬ್ಬರಿ ಎಣ್ಣೆ ತೆಳುವಾಗಿ ಹಚ್ಚಿ, ಕೊಕ್ಕು ಬಿಟ್ಟು ಉಳಿದದ್ದಕ್ಕೆ ಹಿಂಡಿದ ಒದ್ದೆ ಮಲ್‌ಬಟ್ಟೆ ಸುತ್ತಿ, ಮತ್ತೆ ಪೆಟ್ಟಿಗೆಯಲ್ಲಿ ಆರು ಗಂಟೆ ಇಡಿ. ಮರಿ ಆಕಳಿಸುವ ಹಾಗೆ, ಏನನ್ನೋ ಜಗಿಯುವ ಹಾಗೆ ಬಾಯಾಡಿಸುತ್ತಿದ್ದರೆ ಹಳದಿ ಇನ್ನೂ ಒಳಗೆ ಹೋಗಿಲ್ಲ, ಆಗಲೂ ಕಾಯಬೇಕು.

ನರ ಬತ್ತಿ ಪೊರೆ ಬೆಳ್ಳಗಾಗಿದ್ದರೆ, ಕೊಕ್ಕಿನ ಬಳಿಯಿಂದ ಶುರುಮಾಡಿ ಪೊರೆಯನ್ನು ನೆನೆಸುತ್ತ ಹಿಂದಕ್ಕೆ ಸರಿಸಿ. ರೆಕ್ಕೆಯಡಿ ಸಿಕ್ಕಿಕೊಂಡ ತಲೆಯನ್ನು ಮೆಲ್ಲಗೆ ಬಿಡಿಸಿ. ಒಂದು ಹನಿ ರಕ್ತ ಕಂಡರೂ ಹತ್ತಿಯಿಂದ ಎರಡು ನಿಮಿಷ ಒತ್ತಿ ಹಿಡಿದು, ಹಿಟ್ಟು ಉದುರಿಸಿ, ಪೆಟ್ಟಿಗೆಗೆ ಹಿಂತಿರುಗಿಸಿ. ತಲೆ, ಕತ್ತು ಬಿಡುಗಡೆಯಾದರೆ ನಿಮ್ಮ ಕೆಲಸ ಮುಗಿಯಿತು. ಕೆಳಗಿನ ಅರ್ಧ ಚಿಪ್ಪನ್ನು ತೆಗೆಯಬೇಡಿ. ಹೊಕ್ಕುಳ ಇರುವುದು ಅಲ್ಲಿ, ಮರಿ ತಾನೇ ಒದ್ದು ಹೊರಬರಲಿ. ಹಳದಿಯ ಗಂಟು ಹೊರಗೆ ನೇತಾಡುತ್ತ ಬಂದ ಮರಿಯನ್ನು ಒದ್ದೆ ಬಟ್ಟೆ ಹಾಸಿದ ಬಟ್ಟಲಲ್ಲಿ ಕೂರಿಸಿ ಪೆಟ್ಟಿಗೆಯಲ್ಲೇ ಇಡಿ. ಗಂಟನ್ನು ಕತ್ತರಿಸಬೇಡಿ, ಕಟ್ಟಬೇಡಿ.

ನಾಟಿ ಹ್ಯಾಟೆಯ ಕಾವಿನಲ್ಲಿ

ಖಾಕಿ ಕ್ಯಾಂಪ್‌ಬೆಲ್ ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ನಾಟಿ ಹ್ಯಾಟೆ (ಹೆಣ್ಣುಕೋಳಿ) ಕೂರುತ್ತದೆ, ಆರರಿಂದ ಎಂಟು ಬಾತು ಮೊಟ್ಟೆ ಸಾಕು. ಮಂಕರಿಯ ತಳಕ್ಕೆ ಮೂರು ಬೆರಳು ಹಸಿ ಮರಳು, ಅದರ ಮೇಲೆ ಹುಲ್ಲು ಹಾಸಿ. ಎರಡು ದಿನಕ್ಕೊಮ್ಮೆ ಮಂಕರಿಯ ಅಂಚಿನಿಂದ ಮರಳಿಗಷ್ಟೇ ನೀರು ಬಿಡಿ. ದೊಡ್ಡ ಮೊಟ್ಟೆಯನ್ನು ಹ್ಯಾಟೆ ಸರಿಯಾಗಿ ಹೊರಳಿಸಲಾರದು, ಅದು ಕಾಳಿಗೆ ಎದ್ದಾಗ ನೀವು ತಿರುಗಿಸಿ. ಎರಡನೇ ವಾರದಿಂದ ಅದೇ ಹೊತ್ತಿಗೆ ಬೆಚ್ಚಗಿನ ನೀರು ಸಿಂಪಡಿಸಿ. 21 ದಿನ ದಾಟಿದ ಮೇಲೆ ಕೆಲವು ಹ್ಯಾಟೆ ಬೇಸತ್ತು ಎದ್ದುಬಿಡುತ್ತವೆ, ಇನ್ನೊಂದು ಕಾವಿಗೆ ಬಂದದ್ದು ತಯಾರಿರಲಿ.

ಹೊರಬಂದ ಮೇಲೆ

ತುಪ್ಪಳ ಒಣಗುವವರೆಗೆ, ಹೆಚ್ಚೆಂದರೆ 24 ಗಂಟೆ, ಪೆಟ್ಟಿಗೆಯಲ್ಲೇ ಬಿಡಿ. ಆಮೇಲೆ 30–32 ಡಿಗ್ರಿಯ ಜಾಗ ಸಾಕು, ಅಂದರೆ ನಮ್ಮ ಏಪ್ರಿಲ್ ಹಗಲಿಗೆ ಬಲ್ಬ್ ಬೇಡ, ರಾತ್ರಿಗೆ ಮಾತ್ರ. ಮೊದಲು ನೀರು, ಆಮೇಲೆ ಆಹಾರ. ನೀರಿನ ತಟ್ಟೆ ಕೊಕ್ಕು ಮುಳುಗುವಷ್ಟು ಆಳವಿರಲಿ, ಮೈ ಮುಳುಗುವಷ್ಟು ಬೇಡ. ಬಾತುಮರಿಗೆ ಕೋಳಿಮರಿಗಿಂತ ಹೆಚ್ಚು ನಯಾಸಿನ್ (ಒಂದು ಬಿ ವಿಟಮಿನ್) ಬೇಕು, ಬರೀ ಕೋಳಿಮರಿ ಫೀಡ್ ಕೊಟ್ಟರೆ ಕಾಲು ಸೊಟ್ಟಗಾಗುತ್ತದೆ. ಫೀಡಿಗೆ ಈಸ್ಟ್ ಪುಡಿ ಬೆರೆಸಿ. ಪಾವಗಡ, ಶಿರಾ ಕಡೆಯವರು ಮನೆಯ ಕಡಲೆಕಾಯಿ ಹಿಂಡಿ ಹಾಕುವ ಮುನ್ನ ಯೋಚಿಸಿ. ಬೂಸ್ಟು ಹಿಡಿದ ಹಿಂಡಿ, ಮೆಕ್ಕೆಜೋಳದಲ್ಲಿರುವ ಅಫ್ಲಾಟಾಕ್ಸಿನ್ ಎಂಬ ವಿಷಕ್ಕೆ ಬಾತುಮರಿಯಷ್ಟು ಬೇಗ ಬಲಿಯಾಗುವ ಸಾಕುಪಕ್ಷಿ ಅಪರೂಪ.

ಒಡೆಯದ ಮೊಟ್ಟೆಯನ್ನು ಒಡೆದು ನೋಡಿ

30ನೇ ದಿನ ಮುಗಿದರೂ ಅಲುಗದ ಮೊಟ್ಟೆಗಳನ್ನು ಎಸೆಯುವ ಮುನ್ನ ಅಂಗಳದಾಚೆ ಒಯ್ದು ಒಂದೊಂದನ್ನೇ ಬಿಚ್ಚಿ. ಗಾಳಿಗೂಡು ದೊಡ್ಡದು, ಮರಿ ಚಿಕ್ಕದು, ಪೊರೆ ಮೈಗಂಟಿದೆ ಎಂದರೆ ಒಣಗಿ ಸತ್ತದ್ದು. ತೂಕದ ಪುಸ್ತಕ ತೆಗೆದು ಯಾವ ವಾರ ಹೆಚ್ಚು ಇಳಿದಿದೆ ನೋಡಿ. ಗೂಡು ಚಿಕ್ಕದು, ಮರಿ ಊದಿಕೊಂಡಿದೆ, ಸುತ್ತ ನೀರು ನಿಂತಿದೆ ಎಂದರೆ ತೇವ ಹೆಚ್ಚಾಗಿ ಮುಳುಗಿದ್ದು. ಬೇಸಿಗೆಯಲ್ಲೂ ಹೆದರಿಕೆಯಿಂದ ನೀರು ಸುರಿದವರಿಗೆ ಇದು ಆಗುತ್ತದೆ. 26ನೇ ದಿನವೇ ಒಡೆದು, ಹೊಕ್ಕುಳ ಹಸಿಯಿರುವ ಸಣ್ಣ ಮರಿಗಳು ಬಂದಿದ್ದರೆ ಉಷ್ಣತೆ ಮೊದಲಿಂದಲೂ ಅರ್ಧ ಡಿಗ್ರಿ ಹೆಚ್ಚಿತ್ತು. ಎಲ್ಲವೂ 29–30ಕ್ಕೆ ಎಳೆದಿದ್ದರೆ ಕಡಿಮೆಯಿತ್ತು. ಪೂರ್ತಿ ಬೆಳೆದ, ಸರಿಯಾದ ತೂಕದ ಮರಿ ಗಾಳಿಗೂಡಿಗೆ ಕೊಕ್ಕೇ ಇಡದೆ ಸತ್ತಿದ್ದರೆ ಕಿಂಡಿ ಮುಚ್ಚಿತ್ತೇ, ಕೊನೆಯ ವಾರ ಯಾವ ಮಧ್ಯಾಹ್ನ ಕರೆಂಟ್ ಹೋಗಿತ್ತು ಎಂದು ನೆನಪಿಸಿಕೊಳ್ಳಿ. ಮೊದಲ ವಾರದ ಕೆಂಪು ಉಂಗುರವೇ ಹೆಚ್ಚಿದ್ದರೆ ತಪ್ಪು ಪೆಟ್ಟಿಗೆಯದ್ದಲ್ಲ, ಕಾದಿಟ್ಟ ಜಾಗದ್ದು. ಮುಂದಿನ ಸಲ ಮಡಕೆಯೊಳಗೆ ಥರ್ಮಾಮೀಟರ್ ಇಟ್ಟು ಮಧ್ಯಾಹ್ನ ಮೂರು ಗಂಟೆಗೆ ನೋಡಿ.